ಅಳಿಯ ಕೈಯೆತ್ತಿ ನಿಂತದ್ದು

"ನಿನ್ನ ಕೈಗೆ ಕಲ್ಲು ಕೊಟ್ರೆ ಅದೂ ಕೊಳೆತು ನಾರುತ್ತೆ ಕಣೋ! ಕೈಯಾ ಅದು? ಸೌದೆ! ಸೌದೆಗಾದ್ರೂ ಉರಿಯೋ ಯೋಗ್ಯತೆ ಇದೆ!"

ಫೋರ್‌ಮನ್ ಈ ಮಾತು ಹೇಳಿದ್ದು ಪಂಪು ಕಾರ್ಖಾನೆಯ ನಟ್ಟನಡುವೆ, ಟೀ ಬಿಡುವಿನಲ್ಲಿ, ಎಲ್ಲರ ಕೈಯಲ್ಲೂ ಲೋಟ ಇದ್ದಾಗ. ಹೇಳಿಸಿಕೊಂಡವನು ಲೋಡಿಂಗ್ ಕೆಲಸದ ಹುಡುಗ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಕೆಂಡ ಅಂತ. ಕೋಪ ಅವನಿಗೆ ಮೂಗಿನ ತುದಿಯಲ್ಲಿ ಇರಲಿಲ್ಲ, ಮೂಗಿಗಿಂತ ಒಂದು ಗೇಣು ಮುಂದೆ ನಡೆಯುತ್ತಿತ್ತು. ಮೇಷ್ಟರ ಜೊತೆ ಜಗಳ ತೆಗೆದು ಶಾಲೆ ಬಿಟ್ಟವನು. ಫೋರ್‌ಮನ್ ಬರೀ ಫೋರ್‌ಮನ್ ಆಗಿದ್ದಿದ್ದರೆ ಅವತ್ತೇ ಟೀ ಲೋಟ ಎಲ್ಲಿ ಹಾರಬೇಕಿತ್ತೋ ಅಲ್ಲಿ ಹಾರುತ್ತಿತ್ತು. ಆದರೆ ಆ ಮನುಷ್ಯ ಅಕ್ಕನ ಗಂಡ. ಕೆಂಡನೂ ಅಮ್ಮನೂ ಇರುವುದು ಅವನ ಮನೆಯಲ್ಲೇ. ಹಗಲು ಬೈದ ಬಾಯಲ್ಲಿ ಸಂಜೆ ಅವನೆದುರು ಕೂತು ತುತ್ತು ಇಳಿಸುವುದು ಯಾರಿಗೆ ಸುಲಭ?

"ನಾನೇನು ಮಾಡ್ದೆ ಭಾವ?" ಎಂದ ಕೆಂಡ, ಹಲ್ಲು ಕಚ್ಚಿಕೊಂಡು.

"ಅಳಿಯ ಮತ್ತೆ ನಿಂತ! ಇನ್ನೇನು ಮಾಡ್ಬೇಕು?"

ಅಳಿಯ ಅಂದರೆ ಮನುಷ್ಯನಲ್ಲ, ರೋಬೋ. ಕಾರ್ಖಾನೆಗೆ ಹೊಸದಾಗಿ ಒಂದು ಯಂತ್ರಕೂಟ ಬಂದಿತ್ತು. ಎಡಕ್ಕೆ ಲೇತು, ಬಲಕ್ಕೆ ಡ್ರಿಲ್ಲು, ನಡುವೆ ಒಂದು ಗಿಡ್ಡ ಮೇಜು, ಅದರ ಹಿಂದೆ ಒಂದೇ ಕೈಯ ಈ ರೋಬೋ. ಸುತ್ತಲೂ ಕಬ್ಬಿಣದ ಜಾಲರಿ. ಒಂದು ಕಡೆ ತುಂಡು ಒಳಗೆ ಹೋಗುವ ಬಾಗಿಲು, ಇನ್ನೊಂದು ಕಡೆ ಹೊರಗೆ ಬರುವ ಬಾಗಿಲು. ಪಂಪಿನ ರಾಟೆಯನ್ನೂ ಇದರಲ್ಲೇ ಮಾಡಬಹುದು, ಪಂಪಿನ ಮುಚ್ಚಳವನ್ನೂ ಇದರಲ್ಲೇ ಮಾಡಬಹುದು, ಎರಡನ್ನೂ ಬೆರೆಸಿ ಹೇಗೆ ಬೇಕೋ ಹಾಗೆ ಹಾಕಿ ಎಂದು ಮಾರಿದವರು ಹೇಳಿ ಹೋಗಿದ್ದರು. ರಾಟೆ ಮೊದಲು ಲೇತಿಗೆ ಹೋಗಿ ನುಣುಪಾಗಬೇಕು, ಆಮೇಲೆ ಡ್ರಿಲ್ಲಿಗೆ ಹೋಗಿ ತೂತು ಹಾಕಿಸಿಕೊಳ್ಳಬೇಕು. ಮುಚ್ಚಳದ್ದು ಉಲ್ಟಾ ಜಾತಕ: ಮೊದಲು ತೂತು, ಆಮೇಲೆ ನುಣುಪು. ಎತ್ತುವುದು ಇಳಿಸುವುದು ರೋಬೋನ ಪಾಲು. ಬಂದ ದಿನದಿಂದ ಊರೆಲ್ಲ ಅವನ ಉಪಚಾರಕ್ಕೆ ನಿಂತಿತ್ತು, ಅವನು ಮಾತ್ರ ಒಂದು ಸಲಕ್ಕೆ ಒಂದೇ ವಸ್ತು ಎತ್ತುತ್ತಿದ್ದ, ನಿಂತರೆ ಯಾಕಪ್ಪಾ ನಿಂತೆ ಎಂದು ಕೇಳುವ ಹಾಗಿರಲಿಲ್ಲ. ಅಳಿಯ ಎಂಬ ಹೆಸರು ತಾನಾಗಿ ಅಂಟಿಕೊಂಡಿತು.

ಅವನು ನಿಲ್ಲುವ ರೀತಿಯೇ ಹೊಟ್ಟೆ ಉರಿಸುವಂಥದ್ದು. ಕೆಟ್ಟು ನಿಂತರೆ ಕೆಂಪು ದೀಪವಾದರೂ ಉರಿಯಬೇಕು. ಇಲ್ಲಿ ಎಲ್ಲ ದೀಪವೂ ಹಸಿರು! ಲೇತಿನಲ್ಲಿ ಕೆಲಸ ಮುಗಿಸಿದ ರಾಟೆ, ಡ್ರಿಲ್ಲಿಗೆ ಹೋಗಬೇಕು ಎಂದು ಕಾಯುತ್ತಿದೆ. ಡ್ರಿಲ್ಲಿನಲ್ಲಿ ಕೆಲಸ ಮುಗಿಸಿದ ಮುಚ್ಚಳ, ಲೇತಿಗೆ ಹೋಗಬೇಕು ಎಂದು ಕಾಯುತ್ತಿದೆ. ನಡುವಿನ ಮೇಜಿನ ಮೇಲೆ ಇನ್ನೊಂದು ತುಂಡು ಆಸನ ಹಾಕಿ ಕೂತಿದೆ. ನೀನು ಏಳು, ನಾನು ಕೂರುತ್ತೇನೆ ಎಂದು ಮೂರೂ ಒಂದನ್ನೊಂದು ನೋಡುತ್ತಿವೆ. ಅಳಿಯ ಕೈಯೆತ್ತಿಕೊಂಡು, ಸಭೆಯಲ್ಲಿ ಮಾತು ಮರೆತ ಭಾಷಣಕಾರನ ಹಾಗೆ ನಿಂತಿದ್ದಾನೆ. ಕೊನೆಗೆ ಕರೆಂಟು ತೆಗೆದು, ಜಾಲರಿ ಬಿಚ್ಚಿ, ಯಾರಾದರೂ ಒಳಗೆ ನುಗ್ಗಿ ಒಂದು ತುಂಡನ್ನು ಹೊತ್ತು ಹೊರಗೆ ತರಬೇಕು. ಆಮೇಲೆ ಅಳಿಯ ಏನೂ ಆಗದವನ ಹಾಗೆ ಮತ್ತೆ ಶುರು.

ಲೋಡ್ ಮಾಡುವವನು ಕೆಂಡ. ಆದ್ದರಿಂದ ಇದು ಕೆಂಡನ ಕೈಗುಣ. ಫೋರ್‌ಮನ್ ಅದನ್ನು ತೀರ್ಮಾನ ಮಾಡಿ ಬಹಳ ದಿನಗಳಾಗಿದ್ದವು. ಎಲ್ಲರ ಮುಂದೆ ಸಾರಿದ್ದು ಮಾತ್ರ ಇವತ್ತು.

"ನಾಳೆ ಮಧ್ಯಾಹ್ನ ಯಜಮಾನರು ಬರ್ತಾರೆ. ಅವರ ಮುಂದೆ ಅಳಿಯ ನಿಂತ್ನೋ, ನೀನು ಲೋಡಿಂಗ್ ಬಿಟ್ಟು ಕಬ್ಬಿಣದ ಚೂರು ಗುಡಿಸೋಕೆ ಹೋಗ್ತೀಯ. ಪೊರಕೆಗೆ ಕೈಗುಣ ತಟ್ಟಲ್ಲ."

ಯಾರೋ ಕಿಸಕ್ಕೆಂದರು. ಕೆಂಡನ ಕಿವಿ ಎರಡೂ ಕಾದವು. ಆ ಕಾರ್ಖಾನೆಯಲ್ಲಿ ಅವನಿಗೆ ಹೆಮ್ಮೆ ಎಂದು ಇದ್ದದ್ದು ಒಂದೇ: ಅವನ ಕೈ. ಒಳಬಾಗಿಲು ತೆರೆಯುವ ಮೊದಲೇ ತುಂಡು ಅವನ ಕೈಯಲ್ಲಿ ಸಿದ್ಧ. ಒಳಗೆ ಅಂಗೈಯಗಲ ಜಾಗ ಕಂಡರೆ ತುಂಬಿಸಿಬಿಡುತ್ತಿದ್ದ. ಅಂಥ ಕೈಗೆ ಪೊರಕೆ! ಅದೂ ಭಾವನ ಬಾಯಿಂದ, ಇಷ್ಟು ಜನರ ನಡುವೆ!

ಆಗ ಇಂಜಿನಿಯರ್ ಮೇಡಂ ನಡುವೆ ಬಂದರು. ಈ ಯಂತ್ರಕೂಟದ ರೋಗ ನೋಡಲೆಂದೇ ಯಜಮಾನರು ಅವರನ್ನು ಕರೆಸಿದ್ದರು. ಕೈಯಲ್ಲಿ ಒಂದು ರಟ್ಟು, ಜೇಬಿನಲ್ಲಿ ಒಂದು ಹಿಡಿ ಅಂಗಿಯ ಗುಂಡಿ.

"ಕೈಗುಣ ಅಲ್ಲ ಫೋರ್‌ಮನ್ ಅವ್ರೇ. ಬನ್ನಿ, ತೋರಿಸ್ತೀನಿ. ಇದಕ್ಕೆ ಪೆಟ್ರಿ ನೆಟ್ ಅಂತಾರೆ."

"ನೆಟ್ಟಾ? ಬಲೆ?" ಭಾವ ರಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಬಲೆ ಯಾಕೆ ಮೇಡಂ, ಜಾಲರಿ ಹಾಕಿದೀವಲ್ಲ. ಸೊಳ್ಳೆ ಕೂಡ ಒಳಗೆ ಹೋಗಲ್ಲ."

ಮೇಡಂ ಪ್ಯಾಕಿಂಗ್ ಪೆಟ್ಟಿಗೆಯ ಮೇಲೆ ರಟ್ಟು ಹಾಸಿದರು. ಅದರ ಮೇಲೆ ಸುತ್ತುಗಳು, ಸುತ್ತುಗಳ ನಡುವೆ ಅಡ್ಡಗೆರೆಗಳು, ಬಾಣಗಳು. "ಸುತ್ತು ಅಂದ್ರೆ ತುಂಡು ಕೂರೋ ಜಾಗ. ಇದು ಲೇತು, ಇದು ಡ್ರಿಲ್ಲು, ಇದು ಮೇಜು. ಅಡ್ಡಗೆರೆ ಅಂದ್ರೆ ಬಾಗಿಲು ಅಂದ್ಕೊಳ್ಳಿ. ಮುಂದಿನ ಸುತ್ತು ಖಾಲಿ ಇದ್ರೆ ಮಾತ್ರ ಬಾಗಿಲು ತೆಗೆಯುತ್ತೆ. ಈಗ ಒಂದು ಗುಂಡಿ ಇಡ್ತೀನಿ." ಗುಂಡಿ ಲೇತಿನಿಂದ ಡ್ರಿಲ್ಲಿಗೆ, ಡ್ರಿಲ್ಲಿನಿಂದ ಹೊರಗೆ ಸಲೀಸಾಗಿ ಹೋಯಿತು. ಎರಡು ಗುಂಡಿ ಎದುರುಬದುರು ಹೊರಟವು. ಒಂದು ಮೇಜಿನ ಮೇಲೆ ಪಕ್ಕಕ್ಕೆ ಸರಿದು ಇನ್ನೊಂದಕ್ಕೆ ದಾರಿ ಬಿಟ್ಟಿತು. ಮೂರನೆಯದನ್ನು ಇಟ್ಟರು ನೋಡಿ, ಎಲ್ಲ ಅಲ್ಲಲ್ಲೇ ಕಲ್ಲಾದವು. ಯಾವುದನ್ನೂ ಸರಿಸಲು ದಾರಿಯಿಲ್ಲ.

"ಇಷ್ಟೇ. ಒಳಗೆ ಎರಡೇ ಇರ್ಬೇಕು. ಮೂರನೇದು ಹೋದ್ರೆ ಗಂಟು ಬಿತ್ತು ಅಂತ. ಬಿದ್ದ ಗಂಟು ಬಿಚ್ಚೋಕಿಂತ ಬೀಳದೇ ಇರೋ ಹಾಗೆ ಮಾಡೋದು ಸುಲಭ."

"ಅಂದ್ರೆ ನಾನು ಬೇಗ ಬೇಗ ಹಾಕಿದ್ದೇ ತಪ್ಪಾ?" ಕೆಂಡ ಮುಂದೆ ಬಂದ.

"ತಪ್ಪು ಅಂತಲ್ಲ, ಸ್ವಲ್ಪ ಹೊತ್ತು ಕೈ ಕಟ್ಕೊಂಡು..."

"ಕೈ ಕಟ್ಕೊಂಡಾ? ಮೈಗಳ್ಳರು ಕೈ ಕಟ್ಕೊಂಡು ನಿಲ್ತಾರೆ ಮೇಡಂ! ದುಡಿಯೋನನ್ನ ಬಯ್ಯೋ ಲೆಕ್ಕ ಯಾವ ಶಾಲೇಲಿ ಹೇಳ್ಕೊಡ್ತಾರೆ? ಒಳ್ಳೇದಾಯ್ತು ನಾನು ಬಿಟ್ಟಿದ್ದು!" ಎಂದು ಕೈ ಬೀಸಿದ. ಮೊಣಕೈ ರಟ್ಟಿಗೆ ತಾಗಿ ಗುಂಡಿಗಳೆಲ್ಲ ಸಿಡಿದವು. ಹೊರಬಾಗಿಲಲ್ಲಿ ಕೆಲಸ ಮುಗಿದ ತುಂಡುಗಳನ್ನು ಎತ್ತಿಕೊಳ್ಳುವ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಕೆ ಟೀಯ ಕೊನೆಯ ಗುಟುಕಿನ ಜೊತೆ ಏನೋ ಕಡಿದು, ಅಂಗೈಗೆ ಉಗಿದು ನೋಡಿದಳು.

"ನೀಲಿ ಬಣ್ಣದ್ದು. ಚೆನ್ನಾಗಿದೆ," ಎಂದು ಸೆರಗಿನ ತುದಿಗೆ ಕಟ್ಟಿಕೊಂಡಳು.

ಸಂಜೆ ಕೆಂಡ ಮನೆಗೆ ಬಂದ. ಆ ಮನೆಯ ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಒಂದು ಓಣಿ, ಒಬ್ಬರು ನಡೆಯುವಷ್ಟೇ ಅಗಲ. ಅರ್ಧದಲ್ಲಿ ನೀರಿನ ಕೊಡ ಇಡಲು ಗೋಡೆ ಒಳಗೆ ಸರಿದು ಒಂದು ಗೂಡು. ಹೊಟ್ಟೆ ಎಳೆದುಕೊಂಡರೆ ಒಬ್ಬರು ಅಲ್ಲಿ ಸರಿದು ನಿಲ್ಲಬಹುದು. ಕೆಂಡ ಅಲ್ಲಿ ನಿಂತು ಗಟಗಟ ನೀರು ಕುಡಿಯುತ್ತಿದ್ದ. ಅಮ್ಮ ಎರಡು ಕೈಯಲ್ಲೂ ಬಿಸಿ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಟಳು. ಅದೇ ಹೊತ್ತಿಗೆ ಭಾವ ತಟ್ಟೆ ಹಿಡಿದು ಇತ್ತಲಿಂದ ಒಳಗೆ ಹೊರಟ. ಕೆಂಡನ ಮುಂದೆ ಇಬ್ಬರೂ ಮುಖಾಮುಖಿಯಾದರು.

"ಹಿಂದಕ್ಕೆ ಹೋಗಿ ಅತ್ತೆ, ನನ್ನ ಬೆನ್ನ ಹಿಂದೆ ನಿಮ್ಮ ಮಗಳು ಕುರ್ಚಿ ಹಿಡ್ಕೊಂಡು ನಿಂತಿದಾಳೆ," ಎಂದ ಭಾವ.

"ಬಿಸಿ ಪಾತ್ರೆ ಹಿಡ್ಕೊಂಡು ಹಿಂದಕ್ಕೆ ನಡೆಯೋಕೆ ನಾನೇನು ಸರ್ಕಸ್ಸಿನವಳಾ? ನೀವೇ ಸರೀರಿ!"

"ಎಲ್ಲಿಗೆ ಸರೀಲಿ? ಗೂಡಿನಲ್ಲಿ ನಿಮ್ಮ ಮಗರಾಯ ಇದಾನಲ್ಲ!"

"ಏಯ್, ಹೊರಗೆ ಬಾರೋ!"

"ಹೇಗೆ ಬರ್ಲಮ್ಮ? ಈ ಕಡೆ ನೀನು, ಆ ಕಡೆ ಭಾವ!"

"ಬೇಗ ಏನಾದ್ರೂ ಮಾಡ್ರೋ, ಕೈ ಸುಡ್ತಿದೆ!" ಅಮ್ಮ ನಿಂತಲ್ಲೇ ಕುಣಿದಳು. ಭಾವ ತಟ್ಟೆಯನ್ನು ಎದೆಗೆ ಗುರಾಣಿಯ ಹಾಗೆ ಹಿಡಿದ. ಕೆಂಡ ಇಬ್ಬರನ್ನೂ ನೋಡಿದ. ಲೇತು, ಡ್ರಿಲ್ಲು, ಮೇಜು! ಯಾರಿಗೂ ರೋಗವಿಲ್ಲ, ಎಲ್ಲರದೂ ಹಸಿರು ದೀಪ, ಯಾರೂ ಏಳುವ ಹಾಗಿಲ್ಲ. ಮೇಜಿನ ಮೇಲೆ ಆಸನ ಹಾಕಿ ಕೂತ ಮೂರನೆಯ ತುಂಡು ಬೇರೆ ಯಾರೂ ಅಲ್ಲ, ತಾನೇ.

"ನಾನಿಲ್ದೇ ಹೋಗಿದ್ರೆ ಎಲ್ಲ ಸರಿಯಾಗಿರ್ತಿತ್ತು!" ಎಂದು ಅವನು ಕೂಗಿಯೇಬಿಟ್ಟ.

"ಬಿಡ್ತು ಅನ್ನೋ! ಊಟದ ಹೊತ್ತಲ್ಲಿ ಎಂಥ ಮಾತೋ ಅದು!" ಎಂದು ಅಮ್ಮನಿಗೆ ಅಳುವೇ ಬಂತು. ಕೊನೆಗೆ ಅಕ್ಕ ಕುರ್ಚಿ ಕೆಳಗಿಟ್ಟು, ಗಂಡನ ಬನಿಯನ್ನಿನ ಬೆನ್ನು ಹಿಡಿದು, ಕಾರ್ಖಾನೆಯಲ್ಲಿ ಜಾಲರಿ ಬಿಚ್ಚಿ ತುಂಡು ತೆಗೆಯುವ ಹಾಗೆಯೇ ದರದರ ಹಿಂದಕ್ಕೆ ಎಳೆದಳು. ಬನಿಯನ್ನು ಹರಿಯಿತು. ದಾರಿ ತೆರೆಯಿತು.

ಮರುದಿನ ಬೆಳಿಗ್ಗೆ ಕೆಂಡ ಮೇಡಂ ಮುಂದೆ ಹೋಗಿ ನಿಂತ. ಕ್ಷಮಿಸಿ ಎನ್ನುವ ಮಾತು ಅವನ ಬಾಯಲ್ಲಿ ಯಾವತ್ತೂ ಹೊರಳಿದ್ದಲ್ಲ. ನೆಲದಿಂದ ಹೆಕ್ಕಿದ ಗುಂಡಿಗಳನ್ನು ಅವರ ಕೈಗೆ ಸುರಿದು, "ಎರಡೇ ಅಂದ್ರಲ್ಲ, ಸರಿಯಾಗೇ ಇದೆ" ಎಂದ, ಜಗಳ ಕಾಯುವ ದನಿಯಲ್ಲೇ.

ಮೇಡಂ ನಕ್ಕು ಚೀಲದಿಂದ ಎರಡು ಹಿತ್ತಾಳೆ ಬಿಲ್ಲೆ ತೆಗೆದರು. "ಇವನ್ನ ಈ ಮೊಳೆಗೆ ನೇತು ಹಾಕೋಣ. ಒಂದು ತುಂಡು ಒಳಗೆ ಹಾಕೋವಾಗ ಒಂದು ಬಿಲ್ಲೆ ತಗೊಂಡು ತುಂಡಿನ ಜೊತೆ ಹೋಗೋ ತಟ್ಟೆ ಮೇಲೆ ಇಡಿ. ತುಂಡು ಹೊರಗೆ ಬಂದಾಗ ದೊಡ್ಡಮ್ಮ ಆ ಬಿಲ್ಲೆ ತಂದು ಮೊಳೆಗೆ ಹಾಕ್ತಾರೆ. ಮೊಳೆ ಖಾಲಿ ಇದ್ರೆ ನೀವು ಕೈ ಹಾಕ್ಬಾರ್ದು, ಎಷ್ಟೇ ಕೈ ತುರಿಸಿದ್ರೂ."

"ತುರಿಸುತ್ತೆ ಮೇಡಂ. ಆದ್ರೂ ತಡ್ಕೋತೀನಿ."

ಅಷ್ಟರಲ್ಲಿ ಗಲಗಲ ಎಂಬ ಸದ್ದು ಕೇಳಿತು. ಭಾವ ಬರುತ್ತಿದ್ದ. ಹೊಸ ಅಂಗಿ, ಬಾಚಿದ ಕೂದಲು, ಎರಡು ಕೈಯಲ್ಲೂ ಒಂದು ದಪ್ಪ ತಂತಿ, ತಂತಿಯ ತುಂಬ ಹಿತ್ತಾಳೆ ಬಿಲ್ಲೆ! ಮದುವೆ ಗಂಡಿಗೆ ಹಾಕಬಹುದಾದಷ್ಟು ದೊಡ್ಡ ಹಾರ. ನಿನ್ನೆ ಸಂಜೆ ಮೇಡಂ ಬಿಲ್ಲೆಯ ವಿಷಯ ಬಾಯಿಬಿಟ್ಟದ್ದೇ ತಡ, ಲೇತಿನವರನ್ನೆಲ್ಲ ಕೂರಿಸಿ ಮಾಡಿಸಿದ್ದನಂತೆ.

"ಇಷ್ಟೊಂದಾ!" ಎಂದರು ಮೇಡಂ.

"ಎರಡೇ ನೇತು ಹಾಕಿದ್ರೆ ಯಜಮಾನರು ಏನಂದ್ಕೋತಾರೆ ಮೇಡಂ? ಹಿತ್ತಾಳೆಗೂ ಗತಿ ಇಲ್ಲ ಅಂತಲ್ವಾ?"

"ಅಯ್ಯೋ, ಎರಡೇ ಇರೋದ್ರಲ್ಲೇ ಇದರ ಗುಟ್ಟಿರೋದು! ಇಷ್ಟು ಬಿಲ್ಲೆ ಹಾಕೋದೂ ಒಂದೇ, ಬಿಲ್ಲೆ ಇಲ್ದೇ ಇರೋದೂ ಒಂದೇ."

"ಏನ್ ಮೇಡಂ ಹೀಗಂತೀರಾ! ಔಷಧಿ ಕೆಲಸ ಮಾಡುತ್ತೆ ಅಂದ್ಮೇಲೆ ಬಾಟ್ಲಿ ಪೂರ್ತಿ ಕುಡಿದ್ರೆ ಬೇಗ ವಾಸಿಯಾಗಲ್ವಾ?"

ಮೇಡಂ ತಡೆಯುವ ಮೊದಲೇ ಭಾವ ಹಾರವನ್ನು ಮೊಳೆಗೆ ಹಾಕಿದ. ಮೇಲೆ ಒಂದು ಬೋರ್ಡನ್ನೂ ತೂಗುಹಾಕಿದ, ಅವನೇ ಬಣ್ಣದಲ್ಲಿ ಬರೆದದ್ದು: ಬಿಲ್ಲೆ ಇಲ್ಲದೆ ಲೋಡ್ ಇಲ್ಲ. ಅಪ್ಪಣೆ, ಫೋರ್‌ಮನ್.

"ಏನ್ ನೋಡ್ತೀಯ? ಹಾಕೋ! ಬಿಲ್ಲೆ ಇದೆಯಲ್ಲ!" ಎಂದು ಕೆಂಡನಿಗೆ ಗದರಿದ.

"ಭಾವ, ಮೂರನೇದು ಹಾಕಿದ್ರೆ..."

"ಬಿಲ್ಲೆ ಇದೆಯೋ ಇಲ್ವೋ?"

ಇತ್ತು. ಬೇಕಾದಷ್ಟಿತ್ತು. ಕೆಂಡ ಹಲ್ಲು ಮಸೆಯುತ್ತ ಹಾಕಿದ. ಒಂದು, ಎರಡು, ಮೂರು. ಅಳಿಯ ಮೇಜಿನ ಕಡೆ ನೋಡಿದ, ಲೇತಿನ ಕಡೆ ನೋಡಿದ, ಡ್ರಿಲ್ಲಿನ ಕಡೆ ನೋಡಿದ. ಕೈಯೆತ್ತಿ ನಿಂತುಬಿಟ್ಟ. ದೀಪಗಳೆಲ್ಲ ಹಸಿರು.

"ನೋಡಿದ್ರಾ!" ಭಾವ ಎಲ್ಲರನ್ನೂ ಕರೆದು ತೋರಿಸಿದ, ತಾನೇ ಗೆದ್ದವನ ಹಾಗೆ. "ಇಷ್ಟು ಬಿಲ್ಲೆ ಹಾಕಿದ್ರೂ ನಿಂತ! ಇವನ ಕೈಗುಣಕ್ಕೆ ಹಿತ್ತಾಳೆ ಅಲ್ಲ, ಬಂಗಾರ ಹಾಕಿದ್ರೂ ಅಷ್ಟೇ. ಹೋಗಿ ಊಟ ಮಾಡ್ಕೊಂಡು ಬರ್ತೀನಿ. ಅಷ್ಟರಲ್ಲಿ ಗಂಟು ಬಿಚ್ಚಿಟ್ಟಿರು. ಪೊರಕೆ ಎಲ್ಲಿದೆ ಅಂತಾನೂ ನೋಡಿಟ್ಕೋ."

ಭಾವ ಹೋದ. ಮೇಡಂ ಕರೆಂಟು ತೆಗೆದರು, ಕೆಂಡ ಜಾಲರಿ ಬಿಚ್ಚಿ ತುಂಡುಗಳನ್ನೆಲ್ಲ ಹೊರಗೆ ತಂದ. ಆಮೇಲೆ ಹಾರದ ಮುಂದೆ ಬಂದು ನಿಂತ. ಎಸೆದುಬಿಡೋಣ ಅನ್ನಿಸಿತು. ಎಸೆದರೆ ಭಾವ ಹೆಕ್ಕಿಸಿ ಮತ್ತೆ ಹಾಕಿಸುತ್ತಾನೆ. ವಾದ ಮಾಡೋಣ ಅನ್ನಿಸಿತು. ಯಜಮಾನರ ಮುಂದೆ ಭಾವ ವಾದದಲ್ಲಿ ಸೋಲುವವನಲ್ಲ, ಯಾಕೆಂದರೆ ಅವನು ಕೇಳಿಸಿಕೊಳ್ಳುವುದೇ ಇಲ್ಲ. ಕೆಂಡ ತಂತಿ ಬಿಚ್ಚಿದ. ಎರಡು ಬಿಲ್ಲೆ ಮೊಳೆಯಲ್ಲಿ ಬಿಟ್ಟು ಮಿಕ್ಕದ್ದನ್ನೆಲ್ಲ ಪ್ಯಾಂಟಿನ ಎರಡೂ ಜೇಬಿಗೆ ತುರುಕಿದ. ಪ್ಯಾಂಟು ತಕ್ಷಣ ಸೊಂಟ ಬಿಟ್ಟು ಹೊರಟಿತು. ಬೆಲ್ಟಿರಲಿಲ್ಲ. ಒಂದು ಕೈಯಲ್ಲಿ ಹಿಡಿದುಕೊಂಡ.

"ನಾನೇನೂ ನೋಡಿಲ್ಲಪ್ಪ," ಎಂದಳು ದೊಡ್ಡಮ್ಮ, ಕಣ್ಣು ಪಿಳುಕಿಸದೆ ನೋಡುತ್ತ.

ಯಜಮಾನರು ಬಂದಾಗ ಒಳಗೆ ಎರಡು ತುಂಡು ನಡೆಯುತ್ತಿದ್ದವು. ಮೊಳೆ ಖಾಲಿ. ಕೆಂಡ ಒಳಬಾಗಿಲ ಪಕ್ಕ ಒಂದು ಕೈ ಸೊಂಟಕ್ಕೆ, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ. ಬಾಗಿಲು ತೆರೆದಿತ್ತು, ಒಳಗೆ ಮೇಜು ಖಾಲಿ ಕಾಣುತ್ತಿತ್ತು, ಬೆನ್ನ ಹಿಂದಿನ ಕೈ ಬಲೆಗೆ ಬಿದ್ದ ಮೀನಿನ ಹಾಗೆ ಒದ್ದಾಡುತ್ತಿತ್ತು.

ಭಾವ ಖಾಲಿ ಮೊಳೆ ನೋಡಿ ಒಂದು ಕ್ಷಣ ಗಾಬರಿಯಾದ. ಆದರೆ ಫೋರ್‌ಮನ್ ಆದವನು ಯಜಮಾನರ ಮುಂದೆ ಗಾಬರಿಯಾಗುವುದುಂಟೇ? "ನೋಡಿ ಸಾರ್, ಒಂದು ಬಿಲ್ಲೆನೂ ಸೋಮಾರಿಯಾಗಿ ಕೂತಿಲ್ಲ! ಅಷ್ಟೂ ಒಳಗೆ ಕೆಲಸ ಮಾಡ್ತಿವೆ! ನನ್ನದೇ ವ್ಯವಸ್ಥೆ. ಈ ಬೋರ್ಡೂ ನನ್ನದೇ. ಬಿಲ್ಲೆ ಇಲ್ದೇ ನಮ್ಮಪ್ಪ ಬಂದ್ರೂ ಲೋಡ್ ಇಲ್ಲ."

"ಭೇಷ್," ಎಂದರು ಯಜಮಾನರು. ಆಮೇಲೆ ಕೆಂಡನ ಕಡೆ ತಿರುಗಿದರು. "ಇವನ್ಯಾಕೆ ಮದುವೆ ಮನೇಲಿ ಫೋಟೋಗೆ ನಿಂತ ಹಾಗೆ ನಿಂತಿದಾನೆ?"

ಭಾವನ ಮುಖ ಕೆಂಪಾಯಿತು. "ಸರಿಯೋ ಆಕಡೆ! ಇವನ ಕೈಗೆ ಜಂಗು ಹಿಡಿದಿದೆ ಸಾರ್. ನಾನೇ ತೋರಿಸ್ತೀನಿ." ಕೆಂಡನನ್ನು ಭುಜದಿಂದ ನೂಕಿ, ಬಗ್ಗಿ, ರಾಶಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮುಚ್ಚಳವನ್ನು ಹೂಂ ಎಂದು ಎತ್ತಿದ. ಎತ್ತಿದ ಮೇಲೆ ಮೊಳೆ ಕಡೆ ನೋಡಿದ. ಬಿಲ್ಲೆಯಿಲ್ಲ.

ಈಗೇನು ಮಾಡುವುದು? ಹಾಕುವಂತಿಲ್ಲ, ಬೋರ್ಡು ಎದುರಿಗೇ ಇದೆ, ಅಪ್ಪನನ್ನು ಬೇರೆ ಮಾತಿಗೆ ಎಳೆದಾಗಿದೆ. ಕೆಳಗಿಡುವಂತಿಲ್ಲ, ಯಜಮಾನರು ನೋಡುತ್ತಿದ್ದಾರೆ. ಹೆತ್ತ ಮಗುವನ್ನು ಎತ್ತಿಕೊಂಡ ಹಾಗೆ ಕಬ್ಬಿಣದ ಮುಚ್ಚಳ ಎತ್ತಿಕೊಂಡು ನಿಂತ. ಹಣೆಯ ಮೇಲೆ ಬೆವರು ಮೂಡಿತು. ಒಳಗೆ ಅಳಿಯ ಆರಾಮಾಗಿ, ರಾಟೆಯನ್ನು ಮೇಜಿಗೆ ಸರಿಸಿ, ಮುಚ್ಚಳವನ್ನು ಲೇತಿಗೆ ಕೊಟ್ಟು, ರಾಟೆಯನ್ನು ಡ್ರಿಲ್ಲಿಗೆ ಕೊಟ್ಟ. ಗಂಟಿಲ್ಲ, ಗಡಿಬಿಡಿಯಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೊರಬಾಗಿಲಲ್ಲಿ ತುಂಡು ಬಂತು. ದೊಡ್ಡಮ್ಮ ಬಿಲ್ಲೆ ಎತ್ತಿಕೊಂಡಳು, ಸೆರಗಿನಲ್ಲಿ ಒರೆಸಿದಳು, ಬೆಳಕಿಗೆ ಹಿಡಿದು ನೋಡಿದಳು.

"ಬೇಗ ಬಾ ದೊಡ್ಡಮ್ಮಾ!" ಭಾವನ ದನಿ ಎಳೆಗರುವಿನ ದನಿಯಾಗಿತ್ತು.

"ಬಂದೆ ಕಣಪ್ಪ, ಮಂಡಿ ನೋವು," ಎಂದು ಆಕೆ ಮೆಲ್ಲಗೆ ಬಂದು ಮೊಳೆಗೆ ಹಾಕಿದಳು. ಭಾವ ಮುಚ್ಚಳ ಹಾಕಿದ. ಯಜಮಾನರು ಇನ್ನೂ ನೋಡುತ್ತಲೇ ಇದ್ದರು. ಇನ್ನೊಂದು ಎತ್ತದೆ ವಿಧಿಯಿರಲಿಲ್ಲ. ಎತ್ತಿದ. ಮತ್ತೆ ಕಾದ. ಹೀಗೆ ಒಂದಾದ ಮೇಲೊಂದು. ಯಜಮಾನರಿಗೆ ಈ ಆಟ ಎಷ್ಟು ಹಿಡಿಸಿತೆಂದರೆ ಕುರ್ಚಿ ತರಿಸಿಕೊಂಡು ಕೂತರು. ಅಳಿಯ ಒಂದು ಸಲವೂ ನಿಲ್ಲಲಿಲ್ಲ.

"ಏನ್ರೀ ನಿಮ್ಮ ಕೈಗುಣ!" ಎಂದರು ಕೊನೆಗೆ ಏಳುತ್ತ. ಮೇಡಂ ರಟ್ಟು ಬಿಡಿಸಿ ಹೇಳಹೊರಟರು. ಅಷ್ಟರಲ್ಲಿ ಯಜಮಾನರ ಫೋನು ಹೊಡೆದುಕೊಂಡಿತು. ಹೋಗುತ್ತ ಕೆಂಡನ ಕಡೆ ಗದ್ದ ಆಡಿಸಿ, "ಇವನೂ ಇಲ್ಲೇ ಇರ್ಲಿ. ನಿಮ್ಮನ್ನ ನೋಡಿ ಕಲೀಲಿ" ಎಂದರು.

ಕಾರು ಹೊರಟ ಸದ್ದು ಕೇಳಿದ ಮೇಲೂ ಭಾವ ಅಲ್ಲಾಡಲಿಲ್ಲ. ಅಲ್ಲಾಡುವುದು ಸಾಧ್ಯವಿರಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ತೋಳಿನಲ್ಲಿ ಮತ್ತೊಂದು ಮುಚ್ಚಳ, ಮೊಳೆ ಖಾಲಿ, ಸುತ್ತ ಇಡೀ ಕಾರ್ಖಾನೆ ನಿಂತು ನೋಡುತ್ತಿತ್ತು.

"ಬಾರೋ... ಹಿಡ್ಕೋ ಬಾರೋ ಇದನ್ನ. ನನ್ನಪ್ಪ ಅಲ್ವಾ," ಎಂದ. ಯಾರೂ ನಗಲಿಲ್ಲ, ಎಲ್ಲರೂ ಕಿವಿಯಾಗಿದ್ದರು. "ನಿನ್ನ ಕೈಯೇ ಬೇಕು ಕಣೋ ಈ ಕೆಲಸಕ್ಕೆ. ನಾಳೆಯಿಂದ ನೀನೇ ನಿಲ್ಲು, ಒಂದು ಮಾತು ಅಂದ್ರೆ ಕೇಳು. ಆದ್ರೆ ಒಂದು ಹೇಳು... ಮಿಕ್ಕ ಬಿಲ್ಲೆಗಳೆಲ್ಲ ಎಲ್ಲಿಗೆ ಹೋದ್ವೋ?"

ಕೆಂಡನ ನಾಲಿಗೆಯ ತುದಿಯಲ್ಲಿ ಉತ್ತರವಿತ್ತು. ಹುಟ್ಟಿದಾಗಿನಿಂದ ಯಾರಿಗೂ ಕೊಡದಂಥ ಉತ್ತರ. ಸೌದೆಗೆ ಸೌದೆ, ಕಲ್ಲಿಗೆ ಕಲ್ಲು, ಬಡ್ಡಿ ಸಮೇತ. ಹೇಳಿದರೆ ಭಾವ ಬಿಲ್ಲೆ ಕೇಳುತ್ತಾನೆ. ಕೊಟ್ಟರೆ ನಾಳೆ ಬೆಳಿಗ್ಗೆ ಹಾರ ಮತ್ತೆ ಮೊಳೆಗೆ. ಅವನು ಬಾಯಿ ಮುಚ್ಚಿಕೊಂಡ. ಮುಚ್ಚಿಕೊಳ್ಳುವುದಕ್ಕೆ ಮುಚ್ಚಳ ಎತ್ತುವುದಕ್ಕಿಂತ ಹೆಚ್ಚು ಬಲ ಬೇಕಾಯಿತು.

"ಏಯ್, ನಿನ್ನನ್ನೇ ಕೇಳ್ತಿರೋದು! ಬಿಲ್ಲೆ ಎಲ್ಲೋ?"

ಕೆಂಡ ಎರಡೂ ಕೈಯಲ್ಲಿ ಪ್ಯಾಂಟನ್ನು ಸೊಂಟಕ್ಕೆ ಎತ್ತಿ ಹಿಡಿದು, ಕಾರ್ಖಾನೆಯ ಬಾಗಿಲ ಕಡೆ ನಡೆದ, ಗಲಗಲ, ಗಲಗಲ, ಗಲಗಲ.